ಬಕ್ರೀದ್ ದಿನ ವಿಂಬಲ್ಡನ್ ಗುಡ್ಡದ ಮೇಲೆ

ನಿಮ್ಮ ಮನೆಯಲ್ಲಿ ಟೆನಿಸ್ ನೋಡುವವರು ಯಾರಾದರೂ ಇದ್ದಾರೆಯೇ? ಇದ್ದರೆ, ವಿಂಬಲ್ಡನ್ ನಡೆಯುವ ಎರಡು ವಾರ ಟಿವಿಯ ರಿಮೋಟ್ ಬೇರೆಯವರ ಕೈಗೆ ಸಿಗುವುದಿಲ್ಲ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಶಿವಮೊಗ್ಗದ ನಮ್ಮ ಮನೆಗೆ ಆ ಹುಚ್ಚು ತಂದವರು ಅಬ್ಬಾ. ರ‍್ಯಾಕೆಟ್ ಹಿಡಿದವರಲ್ಲ, ಅಂಗಳದಲ್ಲಿ ಆಡಿದವರಲ್ಲ. ಆದರೆ ಸ್ಟೆಫಿ ಗ್ರಾಫ್ ಆಟವೆಂದರೆ ಅಂಗಡಿಯನ್ನು ಬೇಗ ಮುಚ್ಚಿ ಬರುತ್ತಿದ್ದರು.

1993ರ ಫೈನಲ್ ನನಗೆ ಇನ್ನೂ ನೆನಪಿದೆ. ಸ್ಟೆಫಿಯ ಎದುರು ಯಾನಾ ನೊವೊತ್ನಾ. ಕೊನೆಯ ಸೆಟ್‌ನಲ್ಲಿ 4-1ರಿಂದ ಮುಂದಿದ್ದ ನೊವೊತ್ನಾ ಅಲ್ಲಿಂದ ಎಡವಿ ಸೋತುಬಿಟ್ಟರು. ಬಹುಮಾನ ಕೊಡಲು ಬಂದ ಕೆಂಟ್‌ನ ಡಚೆಸ್‌ರ ಹೆಗಲಿಗೆ ತಲೆಯಿಟ್ಟು ಅತ್ತರು. ಆಗ ಐದು ವರ್ಷದವಳಾಗಿದ್ದ ನನ್ನ ತಂಗಿ, "ಅಬ್ಬಾ, ಅವರು ಯಾಕೆ ಅಳ್ತಿದ್ದಾರೆ?" ಎಂದು ಕೇಳಿದಳು. "ಸೋತಿದ್ದಾಳೆ ಬೇಟಿ. ಅಳಲಿ ಬಿಡು, ಮತ್ತೆ ಬರ್ತಾಳೆ" ಎಂದರು ಅಬ್ಬಾ. ನೊವೊತ್ನಾ ಮತ್ತೆ ಬಂದರು, 1997ರಲ್ಲಿ ಮತ್ತೆ ಫೈನಲ್‌ನಲ್ಲಿ ಸೋತರು, 1998ರಲ್ಲಿ ಗೆದ್ದರು. ಆ ಸಂಜೆ ಅಬ್ಬಾ ಮನೆಗೆ ಜಿಲೇಬಿ ತಂದಿದ್ದರು.

ಒಮ್ಮೆಯಾದರೂ ಆ ಹುಲ್ಲಿನ ಅಂಗಳವನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅಬ್ಬಾರಿಗಿತ್ತು. ಅದು ಈಡೇರಲಿಲ್ಲ. ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ. ಅವರ ಬದಲು 2022ರಲ್ಲಿ ಅಲ್ಲಿಗೆ ಹೋದವರು ನಾವಿಬ್ಬರು ಅಕ್ಕತಂಗಿಯರು.

ತಂಗಿ ಮದುವೆಯಾಗಿ ಲಂಡನ್ನಿಗೆ ಹೋದವಳು. ಇಲ್ಲಿ ಫಾರ್ಮಸಿ ಓದಿದ್ದಳು. ಅಲ್ಲಿ ಅದೇ ಕೆಲಸ ಮಾಡಬೇಕಾದರೆ ಮತ್ತೆ ಓದಿ ಪರೀಕ್ಷೆ ಬರೆಯಬೇಕು. ಒಮ್ಮೆ ಬರೆದು ಫೇಲಾದಳು. ಅಷ್ಟರಲ್ಲಿ ಮಗುವಾಯಿತು. ನಾನು ಹೋದಾಗ ಅವಳ ಪುಸ್ತಕಗಳೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮಂಚದಡಿ ಇದ್ದವು. "ಮೂವತ್ತನಾಲ್ಕು ಆಯ್ತು ಆಪಾ, ಕಂಕುಳಲ್ಲಿ ಮಗು ಬೇರೆ. ಇನ್ನು ನನ್ನಿಂದ ಆಗಲ್ಲ" ಎಂದಳು. ನಾನು ಏನೂ ಹೇಳಲಿಲ್ಲ. ಹೇಳಿದರೆ ಉಪದೇಶವಾಗುತ್ತಿತ್ತು. "ನಡಿ, ಒಂದು ದಿನ ವಿಂಬಲ್ಡನ್‌ಗೆ ಹೋಗಿ ಬರೋಣ" ಎಂದೆ.

ಸರದಿಯಲ್ಲಿ ನಿಲ್ಲುವ ಹಬ್ಬ

ವಿಂಬಲ್ಡನ್ ಟಿಕೆಟ್ ಶ್ರೀಮಂತರಿಗೆ ಮಾತ್ರ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಬಹಳಷ್ಟು ಟಿಕೆಟ್‌ಗಳು ತಿಂಗಳುಗಳ ಮೊದಲೇ ಚೀಟಿ ಎತ್ತಿ ಹಂಚಿಕೆಯಾಗುತ್ತವೆ ನಿಜ. ಆದರೆ ಅದೇ ದಿನ ಬಂದು ಸಾಲಿನಲ್ಲಿ ನಿಂತವರಿಗೂ ಟಿಕೆಟ್ ಉಂಟು. ದೊಡ್ಡ ಅಂಗಳಗಳ ಕೆಲವು ನೂರು ಸೀಟುಗಳು ಸಾಲಿನ ಮುಂದಿರುವವರಿಗೆ. ಉಳಿದವರಿಗೆ ಮೈದಾನದ ಪಾಸು. ಅದಿದ್ದರೆ ಒಳಗೆ ಹೋಗಿ ಸಣ್ಣ ಅಂಗಳಗಳಲ್ಲಿ ಎಲ್ಲಿ ಬೇಕಾದರೂ ಕುಳಿತು ಆಟ ನೋಡಬಹುದು.

ಮೊದಲ ವಾರದ ಒಂದು ದಿನ ಫಜ್ರ್ ನಮಾಝ್ ಮುಗಿಸಿ ಹೊರಟೆವು. ಸೌತ್‌ಫೀಲ್ಡ್ಸ್ ಎಂಬ ನಿಲ್ದಾಣದಲ್ಲಿ ರೈಲಿನಿಂದಿಳಿದು ಕಾಲು ಗಂಟೆ ನಡೆದರೆ ವಿಂಬಲ್ಡನ್ ಪಾರ್ಕ್. ಆ ವಿಶಾಲ ಹುಲ್ಲುಗಾವಲಿನಲ್ಲೇ ಸರದಿ. ನಮಗಿಂತ ಮುಂದೆ ಸಾವಿರಾರು ಜನ! ಹಿಂದಿನ ರಾತ್ರಿಯೇ ಬಂದು ಪುಟ್ಟ ಡೇರೆ ಹಾಕಿ ಮಲಗಿದವರು ಹಲ್ಲುಜ್ಜುತ್ತಿದ್ದರು. ಸ್ವಯಂಸೇವಕರು ಪ್ರತಿಯೊಬ್ಬರಿಗೂ ತಾರೀಕು ಮತ್ತು ಸಂಖ್ಯೆ ಇರುವ ಒಂದು ಚೀಟಿ ಕೊಡುತ್ತಾರೆ. ಅದೇ ನಿಮ್ಮ ಜಾಗ. ಬೇರೆಯವರಿಗಾಗಿ ಜಾಗ ಹಿಡಿಯುವಂತಿಲ್ಲ, ಒಬ್ಬರಿಗೆ ಒಂದೇ ಟಿಕೆಟ್. ನೂಕುನುಗ್ಗಲಿಲ್ಲ, ಶಿಫಾರಸಿಲ್ಲ. ನಮ್ಮೂರಿನ ಸಿನಿಮಾ ಟಿಕೆಟ್ ಕೌಂಟರ್ ನೆನೆದು ನನಗೆ ನಗು ಬಂತು.

ನಮ್ಮ ಮುಂದೆ ಒಬ್ಬ ನಿವೃತ್ತ ಶಿಕ್ಷಕಿ ಕುಳಿತಿದ್ದರು. ಮೂವತ್ತು ವರ್ಷಗಳಿಂದ ಪ್ರತಿ ವರ್ಷ ಬರುತ್ತಿದ್ದಾರಂತೆ. ನಾವು ಕೊಟ್ಟ ಚಪಾತಿ ರೋಲನ್ನು ಸಂತೋಷದಿಂದ ತಿಂದರು. ಹೌದು, ಬುತ್ತಿ ಕಟ್ಟಿಕೊಂಡು ಒಳಗೆ ಹೋಗಲು ಅಲ್ಲಿ ಅನುಮತಿಯಿದೆ. ಸುಮಾರು ಐದು ಗಂಟೆ ಕಾದ ಮೇಲೆ ನಮ್ಮ ಸರದಿ ಬಂತು.

ಟಿವಿಯಲ್ಲಿ ಕಾಣದ್ದು

ಒಳಗೆ ಕಾಲಿಟ್ಟೊಡನೆ ಮೊದಲು ಕಂಡದ್ದು ಹಸಿರು. ಹದಿನೆಂಟು ಹುಲ್ಲಿನ ಅಂಗಳಗಳು. ಆ ಹುಲ್ಲನ್ನು ಎಂಟು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಈ ಪಂದ್ಯಾವಳಿ ಆರಂಭವಾದದ್ದು 1877ರಲ್ಲಿ. ಹೆಣ್ಮಕ್ಕಳ ಆಟ ಸೇರಿದ್ದು 1884ರಲ್ಲಿ. ಆದರೆ ಗೆದ್ದ ಹೆಣ್ಣಿಗೂ ಗಂಡಿಗೂ ಸಮನಾದ ಬಹುಮಾನ ಹಣ ಸಿಗಲು 2007ರವರೆಗೆ ಕಾಯಬೇಕಾಯಿತು. ಆ ಹಕ್ಕಿಗಾಗಿ ದನಿಯೆತ್ತಿದವರಲ್ಲಿ ವೀನಸ್ ವಿಲಿಯಮ್ಸ್ ಪ್ರಮುಖರು.

ಸಣ್ಣ ಅಂಗಳವೊಂದರ ಬದಿಯ ಬೆಂಚಿನಲ್ಲಿ ಕುಳಿತೆವು. ಆಟಗಾರ್ತಿ ನಮ್ಮಿಂದ ಐದಾರು ಮಾರು ದೂರದಲ್ಲಿ. ಚೆಂಡಿನ ಸದ್ದು ಟಿವಿಯಲ್ಲಿ ಕೇಳುವುದೇ ಬೇರೆ, ಅಲ್ಲಿ ಕೇಳುವುದೇ ಬೇರೆ. ಒಂದು ಹೊಡೆತ ತಪ್ಪಿದಾಗ ಅವರು ತಮ್ಮಷ್ಟಕ್ಕೆ ಗೊಣಗಿಕೊಳ್ಳುವುದು, ಟವೆಲಿನಿಂದ ಮುಖ ಒರೆಸಿ ಮರುಕ್ಷಣವೇ ಗೆರೆಯ ಬಳಿ ಬಂದು ನಿಲ್ಲುವುದು ಎಲ್ಲವೂ ಕಾಣುತ್ತದೆ. ಅತ್ತು ಕೂರಲು ಅವರಿಗೆ ಸಮಯವಿಲ್ಲ. ಮುಂದಿನ ಚೆಂಡು ಬಂದೇ ಬರುತ್ತದೆ.

ಚೆಂಡು ಹೆಕ್ಕಲು ಓಡುವ ಮಕ್ಕಳಲ್ಲಿ ಬಹಳಷ್ಟು ಹುಡುಗಿಯರಿದ್ದರು. ಸುತ್ತಮುತ್ತಲ ಶಾಲೆಗಳಿಂದ ಆರಿಸಿ ತಿಂಗಳುಗಟ್ಟಲೆ ತರಬೇತಿ ಕೊಟ್ಟ ಮಕ್ಕಳು. ಹುಡುಗಿಯರನ್ನು ಸೇರಿಸಿಕೊಂಡದ್ದು 1977ರಿಂದ.

ಆಟಗಾರರೆಲ್ಲ ಬಿಳಿಯನ್ನೇ ಉಡಬೇಕೆಂಬುದು ಅಲ್ಲಿನ ಕಟ್ಟುನಿಟ್ಟು. ತಿಂಗಳ ಆ ದಿನಗಳಲ್ಲಿ ಬಿಳಿ ಬಟ್ಟೆಯ ಅಂಜಿಕೆ ಏನೆಂಬುದನ್ನು ನಿಮಗೆ ನಾನು ವಿವರಿಸಬೇಕಿಲ್ಲ. ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ ಮೇಲೆ 2023ರಿಂದ ಒಳಚಡ್ಡಿಯ ಮೇಲೆ ತೊಡುವ ಚಡ್ಡಿ ಗಾಢ ಬಣ್ಣದ್ದಾಗಿರಲು ಅನುಮತಿ ಸಿಕ್ಕಿತು. ಮುಚ್ಚಿಟ್ಟ ಕಷ್ಟಕ್ಕೆ ಪರಿಹಾರವಿಲ್ಲ, ಹೇಳಿಕೊಂಡರೆ ಉಂಟು.

ಸಾನಿಯಾ ಮಿರ್ಝಾರ ಆಟ ಅಂದು ಇರಲಿಲ್ಲ. ಅದು ಅವರ ಕೊನೆಯ ವಿಂಬಲ್ಡನ್. ಮಿಶ್ರ ಡಬಲ್ಸ್‌ನಲ್ಲಿ ಸೆಮಿಫೈನಲ್ ತನಕ ಹೋದರು. ಒಂದು ಮಗುವಿನ ತಾಯಿಯಾಗಿ 2020ರಲ್ಲಿ ಅಂಗಳಕ್ಕೆ ಮರಳಿದ ಹೆಣ್ಣು. 2005ರ ಸುಮಾರಿಗೆ ನಾವೆಲ್ಲ ಆಕೆಯ ಉಡುಪಿನ ಬಗ್ಗೆ ಎಷ್ಟು ವಾದಿಸಿದೆವು! ಆ ವಾದದಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಆದರೆ ಆಕೆಯ ಶ್ರಮದ ಬಗ್ಗೆ ನಮ್ಮ ಹೆಣ್ಮಕ್ಕಳಿಗೆ ನಾವು ಹೇಳಿದ್ದು ಕಡಿಮೆ ಎಂದು ನನಗನ್ನಿಸುತ್ತದೆ.

ಎರಡು ಮಕ್ಕಳ ತಾಯಿ

ಜುಲೈ 7ರ ಸೆಮಿಫೈನಲನ್ನು ಮನೆಯಲ್ಲೇ ಟಿವಿಯಲ್ಲಿ ನೋಡಿದೆವು. ಟ್ಯುನೀಶಿಯಾದ ಒನ್ಸ್ ಜಬೇರ್ ಮತ್ತು ಜರ್ಮನಿಯ ತಾತ್ಯಾನಾ ಮರಿಯಾ. ಮರಿಯಾಗೆ ಎರಡು ಹೆಣ್ಣುಮಕ್ಕಳು, ಕಿರಿಯವಳು ಹುಟ್ಟಿದ್ದು 2021ರ ಏಪ್ರಿಲ್‌ನಲ್ಲಿ. ಹದಿನೈದು ತಿಂಗಳ ಕೂಸಿನ ತಾಯಿ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ! "ವಯಸ್ಸೆಷ್ಟು ಇವರಿಗೆ?" ಎಂದು ತಂಗಿ ಕೇಳಿದಳು. "ಮೂವತ್ತನಾಲ್ಕು" ಎಂದೆ. ಮಗುವಿಗೆ ತುತ್ತಿಡುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಮರಿಯಾ ಸೋತರು. ಆದರೆ ಗೆದ್ದ ಜಬೇರ್ ಮಾಡಿದ್ದನ್ನು ನೋಡಬೇಕಿತ್ತು. ಇಬ್ಬರೂ ಒಳ್ಳೆಯ ಗೆಳತಿಯರು. ಹೊರಡಲಿದ್ದ ಗೆಳತಿಯ ಕೈಹಿಡಿದು ಎಳೆದು ತಂದು ಅಂಗಳದ ನಡುವೆ ನಿಲ್ಲಿಸಿ, ಜನರ ಚಪ್ಪಾಳೆಯನ್ನು ಆಕೆಗೆ ಕೊಡಿಸಿದರು. ಗೆದ್ದಾಗ ಸೋತವರನ್ನು ಮರೆಯದಿರುವುದು ಎಷ್ಟು ಜನರಿಗೆ ಸಾಧ್ಯ ಹೇಳಿ?

ಆ ಗೆಲುವಿನೊಂದಿಗೆ ಗ್ರಾಂಡ್ ಸ್ಲಾಂ ಸಿಂಗಲ್ಸ್ ಫೈನಲ್ ತಲುಪಿದ ಮೊದಲ ಅರಬ್ ಆಟಗಾರ್ತಿಯಾದರು ಜಬೇರ್. ಮೂರು ವರ್ಷದವಳಿದ್ದಾಗ ಆಕೆಯನ್ನು ಟೆನಿಸ್ ಅಂಗಳಕ್ಕೆ ಕರೆದೊಯ್ದದ್ದು ಆಕೆಯ ತಾಯಿ. ಊರಲ್ಲಿ ಬೇರೆ ಸೌಕರ್ಯವಿಲ್ಲದೆ ಹೋಟೆಲುಗಳ ಅಂಗಳದಲ್ಲಿ ಆಡಿ ಬೆಳೆದ ಹುಡುಗಿ. ಸದಾ ನಗುಮುಖದ ಈಕೆಯನ್ನು ಅವರ ದೇಶದವರು ಪ್ರೀತಿಯಿಂದ "ಸಂತೋಷದ ಮಂತ್ರಿ" ಎನ್ನುತ್ತಾರೆ.

ಹಬ್ಬದ ದಿನದ ಫೈನಲ್

ಫೈನಲ್ ಜುಲೈ 9ರ ಶನಿವಾರ. ಅಂದೇ ಬಕ್ರೀದ್! ಈದ್ ನಮಾಝ್ ಮುಗಿಸಿ ಮಗುವನ್ನು ತಂಗಿಯ ಗಂಡನ ಕೈಗೆ ಕೊಟ್ಟು ಮತ್ತೆ ಸರದಿಗೆ ಹೋದೆವು. ಫೈನಲ್ ನಡೆಯುವ ಸೆಂಟರ್ ಕೋರ್ಟಿನ ಟಿಕೆಟ್ ಕೊನೆಯ ದಿನಗಳಲ್ಲಿ ಸಾಲಿನವರಿಗೆ ಸಿಗುವುದಿಲ್ಲ. ಆದರೆ ಮೈದಾನದ ಪಾಸು ಸಿಗುತ್ತದೆ. ಒಳಗೊಂದು ಹುಲ್ಲಿನ ಇಳಿಜಾರಿದೆ, ಹೆನ್ಮನ್ ಗುಡ್ಡ ಎನ್ನುತ್ತಾರೆ. ಎದುರಿಗೆ ದೊಡ್ಡ ಪರದೆ. ಸೀಟು ಸಿಗದ ಸಾವಿರಾರು ಜನರ ಸೆಂಟರ್ ಕೋರ್ಟ್ ಅದೇ.

ಗುಡ್ಡದಲ್ಲಿ ಮದ್ಯದ ಲೋಟ ಹಿಡಿದವರೂ ಇರುತ್ತಾರೆ. ಆದ್ದರಿಂದ ಕುಟುಂಬಗಳಿದ್ದ ಕಡೆ ಚಾದರ ಹಾಸಿದೆವು. ಮರದ ಬಳಿ ಒಂದು ಮೂಲೆಯಲ್ಲಿ ಝುಹರ್ ನಮಾಝ್ ಮಾಡಿದೆವು. ಯಾರೂ ಏನೂ ಅನ್ನಲಿಲ್ಲ. ಹಬ್ಬದ ಬಟ್ಟೆಯಲ್ಲಿದ್ದ ಅಪರಿಚಿತ ಹೆಣ್ಮಕ್ಕಳು "ಈದ್ ಮುಬಾರಕ್" ಎಂದರು. ಡಬ್ಬಿ ಬಿಚ್ಚಿ ಬಿರಿಯಾನಿ ಹಂಚಿದೆವು. ಬದಲಿಗೆ ಪಕ್ಕದ ಅಜ್ಜಿ ವಿಂಬಲ್ಡನ್ನಿನ ಪ್ರಸಿದ್ಧ ಸ್ಟ್ರಾಬೆರಿ ಮತ್ತು ಕೆನೆ ಕೊಟ್ಟರು. ಸಿಹಿಗಿಂತ ಹುಳಿಯೇ ಹೆಚ್ಚು!

ಎರಡು ಗಂಟೆಗೆ ಆಟ ಆರಂಭವಾಯಿತು. ಎದುರಾಳಿ ಕಝಕಿಸ್ತಾನದ ಪರ ಆಡುವ ಎಲೆನಾ ರಿಬಾಕಿನಾ. ಮೊದಲ ಸೆಟ್ ಜಬೇರ್‌ಗೆ 6-3. ತಂಗಿ ಎದ್ದು ನಿಂತು ಮಗುವಿನಂತೆ ಚಪ್ಪಾಳೆ ತಟ್ಟಿದಳು. ಆಮೇಲೆ ರಿಬಾಕಿನಾರ ಹೊಡೆತಗಳು ಗುರಿ ಹಿಡಿದವು. 6-2, 6-2. ಮುಗಿಯಿತು.

ಗುಡ್ಡ ಒಂದು ಕ್ಷಣ ಮೌನವಾಯಿತು. ಪರದೆಯ ಮೇಲೆ ಜಬೇರ್‌ರ ಮುಖ. ತಂಗಿ ಕಣ್ಣೊರೆಸಿಕೊಂಡಳು. "ಅಬ್ಬಾ ಇದ್ದಿದ್ರೆ ಏನಂತಿದ್ರು ಆಪಾ?" ಎಂದಳು. ಉತ್ತರ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಆಮೇಲಿನ ಮಾತು

ಒಂದು ವರ್ಷದ ನಂತರ, 2023ರಲ್ಲಿ, ಜಬೇರ್ ಮತ್ತೆ ಅದೇ ಫೈನಲಿಗೆ ಬಂದರು. ಮತ್ತೆ ಸೋತರು, ಈ ಸಲ ಮಾರ್ಕೆಟಾ ವೊಂಡ್ರುಸೋವಾ ಎದುರು. ಅಂದು ನಾನು ಶಿವಮೊಗ್ಗದಲ್ಲಿದ್ದೆ. ಸಮಾಧಾನ ಹೇಳೋಣವೆಂದು ತಂಗಿಗೆ ಫೋನ್ ಮಾಡಿದೆ. "ನೋಡ್ದೆ ಆಪಾ, ಅತ್ತೂ ಆಯ್ತು. ಈಗ ಓದ್ತಾ ಇದ್ದೀನಿ, ಆಮೇಲೆ ಮಾತಾಡ್ತೀನಿ" ಎಂದು ಫೋನಿಟ್ಟಳು. ಮಂಚದಡಿಯ ಪೆಟ್ಟಿಗೆ ಯಾವಾಗ ಹೊರಬಂತೋ ನನಗೆ ಗೊತ್ತೇ ಇರಲಿಲ್ಲ! ಮಗು ಮಲಗಿದ ಮೇಲೆ ಅಡುಗೆಮನೆಯ ಮೇಜಿನಲ್ಲಿ ಓದುತ್ತಿದ್ದಳಂತೆ. ಆ ಹೊತ್ತು ಪಾತ್ರೆ ತೊಳೆಯುವ ಕೆಲಸ ಗಂಡನದ್ದು.

ಅವಳು ಪಾಸಾದಳು, ಅಲ್‌ಹಮ್ದುಲಿಲ್ಲಾಹ್. ಇಂದು ಬಿಳಿ ಕೋಟು ತೊಟ್ಟು ಒಂದು ಔಷಧಿ ಅಂಗಡಿಯಲ್ಲಿ ನಿಲ್ಲುತ್ತಾಳೆ. ತಾತ್ಯಾನಾ ಮರಿಯಾ 2025ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಲಂಡನ್ನಿನ ಕ್ವೀನ್ಸ್ ಕ್ಲಬ್ ಪಂದ್ಯಾವಳಿ ಗೆದ್ದಾಗ ಮೊದಲು ಫೋನ್ ಮಾಡಿದವಳು ಅವಳೇ. ಜಬೇರ್‌ಗೆ ಆ ತಟ್ಟೆ ಸಿಗಲಿಲ್ಲ. ಅದೇ 2025ರ ಜುಲೈಯಲ್ಲಿ ಆಕೆ ಆಟಕ್ಕೆ ಬಿಡುವು ಕೊಟ್ಟರು. ಎಲ್ಲರಿಗೂ ಗೆಲುವು ಸಿಗುವುದಿಲ್ಲ ಎಂಬುದೂ ನಿಜವೇ. ಆದರೆ ಆಕೆ ಎರಡು ಸಲ ಸೋತ ಆ ಅಂಗಳದ ಹೊರಗೆ, ಗುಡ್ಡದ ಮೇಲೆ ಕುಳಿತವಳೊಬ್ಬಳು ಎದ್ದು ಮನೆಗೆ ಹೋಗಿ ಪುಸ್ತಕ ತೆರೆದಳು. ಅದು ಆಕೆಗೆ ಎಂದೂ ಗೊತ್ತಾಗದು.

ನಿಮ್ಮ ಮಂಚದಡಿಯಲ್ಲೂ ಅಂಥದೊಂದು ಪೆಟ್ಟಿಗೆ ಇದೆಯೇ? ಅರ್ಧಕ್ಕೆ ಬಿಟ್ಟ ಓದು, ಹೊಲಿಗೆ ತರಬೇತಿ, ಒಂದು ಅರ್ಜಿ? ಮಗಳ ಕೈಯಲ್ಲಿ ಒಮ್ಮೆ ಸೋತು ಮೂಲೆಗಿಟ್ಟ ಬ್ಯಾಡ್ಮಿಂಟನ್ ಬ್ಯಾಟ್? ವಿಂಬಲ್ಡನ್ ತನಕ ಹೋಗಬೇಕಿಲ್ಲ. ಇಂದು ರಾತ್ರಿ ಪಾತ್ರೆ ತೊಳೆಯುವ ಕೆಲಸವನ್ನು ಮನೆಯವರಿಗೊಪ್ಪಿಸಿ, ಆ ಪೆಟ್ಟಿಗೆಯನ್ನು ಒಮ್ಮೆ ಹೊರಗೆಳೆದು ನೋಡಿ.