ಪುದೀನದ ತಂಪು, ಕೊಕ್ಕೋದ ಕಹಿ

ನಮ್ಮ ಬಾಲ್ಯದಲ್ಲಿ ಚಾಕಲೇಟು ಎಂಬ ಮಾತು ನಾಲಗೆಗೆ ಬರುವ ಮೊದಲೇ ಪೆಪ್ಪರ್‌ಮೆಂಟು ಎಂಬ ಮಾತು ಬಂದಿತ್ತು. ಅಂಗಡಿಯ ಗಾಜಿನ ಭರಣಿಯಲ್ಲಿದ್ದ ಕಿತ್ತಳೆ ತೊಳೆಯ ಆಕಾರದ್ದೂ ಪೆಪ್ಪರ್‌ಮೆಂಟೇ, ಶುಂಠಿ ಹಾಕಿದ್ದೂ ಪೆಪ್ಪರ್‌ಮೆಂಟೇ. ಅದು ಪುದೀನದ ಜಾತಿಗೆ ಸೇರಿದ ಒಂದು ಗಿಡದ ಹೆಸರೆಂಬುದು ಅಂಗಡಿಯವನಿಗೂ ತಿಳಿಯದು, ನಮಗೂ ತಿಳಿಯದು. ಆ ಗಿಡದ ಎಣ್ಣೆ ಬೆರೆತ ಕಪ್ಪು ಚಾಕಲೇಟನ್ನು ರುಚಿ ನೋಡಿ ಅಂಕ ಕೊಡುವುದು ಹೇಗೆ ಎಂಬುದೇ ಇಂದಿನ ವಿಷಯ. ಇದೂ ಒಂದು ವಿಷಯವೇ ಎಂದು ಕೇಳುಗರು ನಗಬಹುದು. ನಾನೂ ನಕ್ಕವನೇ, ಆ ಪರೀಕ್ಷೆಯಲ್ಲಿ ಮೋಸಹೋಗುವವರೆಗೆ.

ಒಂದು ಭಾನುವಾರ ನನ್ನ ಸೊಸೆ ಇಂಥ ನಾಲ್ಕು ಬಗೆಯ ಬಾರ್‌ಗಳನ್ನು ತಂದಳು. ಹೊದಿಕೆ ಬಿಚ್ಚಿ, ಚೂರು ಮಾಡಿ, ಐದು ತಟ್ಟೆಗಳಲ್ಲಿಟ್ಟು, ಪ್ರತಿಯೊಂದಕ್ಕೂ ಇಪ್ಪತ್ತರಲ್ಲಿ ಅಂಕ ಕೊಡಬೇಕೆಂದಳು. ನಾಲ್ಕು ಬಗೆಗೆ ಐದು ತಟ್ಟೆ ಏಕೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನಾನು ಗಂಭೀರವಾಗಿ ಒಂದೊಂದನ್ನೂ ಚಪ್ಪರಿಸಿ ಬರೆದೆ. ಮೊದಲನೆಯ ತಟ್ಟೆಗೆ 14, ಐದನೆಯದಕ್ಕೆ 9. ಐದನೆಯದು ಮಣ್ಣಿನಂತಿದೆ, ಬರೀ ಒಗರು ಎಂದು ಷರಾ ಬೇರೆ. “ಮಾವ, ಮೊದಲನೆಯದೂ ಐದನೆಯದೂ ಒಂದೇ ಬಾರ್” ಎಂದಳು ಅವಳು. ಬಹಳ ವರ್ಷ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದಿದವನು ನಾನು. ಆ ರಾತ್ರಿ ನನ್ನನ್ನು ಕಾಡಿದ್ದು ಚಾಕಲೇಟಿನ ಚಿಂತೆಯೊಂದೇ ಅಲ್ಲ.

ತಪ್ಪು ಎಲ್ಲಾಯಿತು? ನಮ್ಮ ಹಿರಿಯರು ಷಡ್ರಸಗಳನ್ನು ಎಣಿಸಿದರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಕಪ್ಪು ಚಾಕಲೇಟಿನಲ್ಲಿ ಸಿಹಿ, ಕಹಿ, ಒಗರುಗಳು ಎದ್ದು ತೋರುತ್ತವೆ. ಹುಳಿಯ ಎಳೆಯೂ ಉಂಟು. ಪುದೀನದ ತಂಪು ಈ ಆರರಲ್ಲಿ ಯಾವುದೂ ಅಲ್ಲ. ಮೂಗನ್ನು ಬೆರಳಿನಿಂದ ಹಿಡಿದು ಒಂದು ಚೂರನ್ನು ಬಾಯಿಗಿಟ್ಟು ನೋಡಿ. ಪುದೀನದ ಪರಿಮಳ ಮಾಯವಾಗುತ್ತದೆ, ತಂಪು ಮಾತ್ರ ಉಳಿಯುತ್ತದೆ. ಅದು ರುಚಿಯಲ್ಲ, ವಾಸನೆಯೂ ಅಲ್ಲ. ಚರ್ಮ ಚಳಿಯನ್ನು ಅರಿಯುವಂಥ ಅರಿವು. ಎಣ್ಣೆಯಲ್ಲಿರುವ ಮೆಂತಾಲ್ ಎಂಬ ವಸ್ತು ಇದಕ್ಕೆ ಕಾರಣ. ನಮ್ಮ ನರಗಳ ತುದಿಯಲ್ಲಿ ಚಳಿಗೆ ತೆರೆದುಕೊಳ್ಳುವ ಬಾಗಿಲಿನಂಥ ಒಂದು ಪ್ರೋಟೀನ್ ಇದೆಯೆಂದು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ 2002ರಲ್ಲಿ ಬೇರೆಬೇರೆಯಾಗಿ ತೋರಿಸಿಕೊಟ್ಟರು. ಶಾಖ, ಚಳಿ, ಸ್ಪರ್ಶಗಳ ಅರಿವನ್ನು ಕುರಿತ ಸಂಶೋಧನೆಗಾಗಿ 2021ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂತು. ಚಳಿ ತಾಗಿದರೆ ತೆರೆಯಬೇಕಾದ ಆ ಬಾಗಿಲನ್ನು ಮೆಂತಾಲ್ ಬೆಚ್ಚಗಿನ ಬಾಯಲ್ಲೇ ತೆರೆಸಿಬಿಡುತ್ತದೆ. ಬಾಯಿ ತಣ್ಣಗಾಗಿಲ್ಲ, ತಣ್ಣಗಾಯಿತೆಂಬ ಸುದ್ದಿ ಮಾತ್ರ ಮಿದುಳಿಗೆ ಮುಟ್ಟಿತು. ಮೆಣಸಿನಕಾಯಿಯ ಖಾರವೂ ಇಂಥದೇ ಸುಳ್ಳು ಬೆಂಕಿ. ಖಾರಕ್ಕೆ ಷಡ್ರಸಗಳಲ್ಲಿ ಸ್ಥಾನ ಕೊಟ್ಟವರು ಈ ತಂಪಿಗೆ ಏಕೆ ಕೊಡಲಿಲ್ಲವೋ!

ಈ ಸುಳ್ಳು ತಂಪಿಗೆ ಚಾಕಲೇಟು ತನ್ನದೊಂದು ನಿಜವನ್ನೂ ಸೇರಿಸುತ್ತದೆ. ಕೊಕ್ಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಎಂದರೆ ಬಾಯಿಯ ಶಾಖಕ್ಕಿಂತ ತುಸುವೇ ಕೆಳಗೆ. ಕರಗುವಾಗ ಅದು ನಾಲಗೆಯ ಶಾಖವನ್ನು ಹೀರಿಕೊಳ್ಳುತ್ತದೆ. ಎರಡು ತಂಪುಗಳು ಕೂಡುವುದರಿಂದಲೇ ಈ ಜೋಡಿ ಇಷ್ಟು ಒಪ್ಪುತ್ತದೆಯೆಂದು ನನ್ನ ಊಹೆ. ಆದರೆ ಒಂದು ಮೊದಲು ಹೋಗುತ್ತದೆ, ಇನ್ನೊಂದು ಉಳಿಯುತ್ತದೆ. ಚಾಕಲೇಟು ನುಂಗಿಯಾದ ಮೇಲೂ ಮೆಂತಾಲ್ ಬಾಯಲ್ಲಿ ಬೀಡುಬಿಟ್ಟಿರುತ್ತದೆ. ನನ್ನ ಐದನೆಯ ತಟ್ಟೆ ಹಿಂದಿನ ನಾಲ್ಕರ ಸಾಲವನ್ನು ಹೊತ್ತು ಬಂದಿತ್ತು. ಮೊದಲು ಬಂದವನಿಗೆ ಉದಾರ ಅಂಕ, ಕೊನೆಯವನಿಗೆ ದಣಿದ ಪರೀಕ್ಷಕ!

ಪೆಪ್ಪರ್‌ಮೆಂಟಿನ ಗಿಡದ ಕಥೆಯೂ ವಿಚಿತ್ರವೇ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ 1696ರಲ್ಲಿ ಇದನ್ನು ವರ್ಣಿಸಿದ. ಇದು ನೀರುಪುದೀನಕ್ಕೂ ನಮ್ಮ ಚಟ್ನಿಯ ಪುದೀನದಂಥ ಇನ್ನೊಂದಕ್ಕೂ ಹುಟ್ಟಿದ ಮಿಶ್ರತಳಿ. ಬೀಜ ಕಟ್ಟುವುದಿಲ್ಲ, ಬೇರುಬಿಡುವ ಕುಡಿಗಳಿಂದಲೇ ವಂಶ ಬೆಳೆಯಬೇಕು. ಚಟ್ನಿಯ ಪುದೀನದಲ್ಲಿ ಮುಖ್ಯವಾದದ್ದು ಮೆಂತಾಲ್ ಅಲ್ಲ, ಕಾರ್ವೋನ್ ಎಂಬ ಬೇರೆ ವಸ್ತು. ಆದ್ದರಿಂದ ಅದಕ್ಕೆ ಪರಿಮಳ ಉಂಟು, ಆ ಹಿಮದಂಥ ತಂಪು ಇಲ್ಲ. ಕಪ್ಪು ಚಾಕಲೇಟಿನೊಳಗೆ ಪುದೀನದ ಸಕ್ಕರೆಪಾಕವನ್ನು ತುಂಬುವ ರೂಢಿಯನ್ನು ಬೆಳೆಸಿದವರಲ್ಲಿ ಇಂಗ್ಲಿಷರು ಮುಂದು. ಯಾರ್ಕ್ ನಗರದ ರೌಂಟ್ರಿ ಕಂಪನಿ 1962ರಲ್ಲಿ ಹೊರತಂದ ‘ಆಫ್ಟರ್ ಎಯ್ಟ್’ ಎಂಬ ತೆಳುಬಿಲ್ಲೆ ರಾತ್ರಿಯೂಟದ ನಂತರದ ತಾಂಬೂಲದಂತೆ ಹೆಸರಾಯಿತು. ಅದರ ಹೂರಣವನ್ನು ಗಟ್ಟಿಯಾಗಿಯೇ ಮಾಡಿ ಚಾಕಲೇಟು ಹೊದಿಸುತ್ತಾರೆ. ಒಳಗೆ ಸೇರಿಸಿದ ಒಂದು ಕಿಣ್ವ ಸಕ್ಕರೆಯನ್ನು ಒಡೆದು ಅನಂತರ ಅದನ್ನು ಮೆದುವಾಗಿಸುತ್ತದೆ. ಇಂಥ ಹೂರಣದ ಬಗೆ ಬೇರೆ, ಎಣ್ಣೆಯನ್ನು ಚಾಕಲೇಟಿಗೇ ಬೆರೆಸಿದ ಬಾರ್ ಬೇರೆ. ಹೋಳಿಗೆಯನ್ನೂ ಬರ್ಫಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾನು ಹೇಳುತ್ತಿರುವುದು ಎರಡನೆಯದರ ಮಾತು.

ಈ ಬಗೆಯಲ್ಲಿ ಪುದೀನ ಬರಿಯ ಅತಿಥಿಯಲ್ಲ. ಎಷ್ಟೋ ಸಲ ಪರದೆಯೂ ಹೌದು. ಕೊಕ್ಕೋ ಬೀಜದ ರುಚಿ ಕಾರ್ಖಾನೆಯಲ್ಲಿ ಹುಟ್ಟುವುದಲ್ಲ. ದಕ್ಷಿಣ ಕನ್ನಡದ ಅಡಕೆತೋಟಗಳ ನೆರಳಲ್ಲಿ ಕೊಕ್ಕೋ ಬೆಳೆಯುವವರಿಗೆ ಇದು ಗೊತ್ತು. ಕ್ಯಾಂಪ್ಕೊ ಸಹಕಾರ ಸಂಸ್ಥೆಯ ಚಾಕಲೇಟು ಕಾರ್ಖಾನೆ 1986ರಲ್ಲಿ ತೆರೆದದ್ದು ಅಲ್ಲಿಯ ಪುತ್ತೂರಿನಲ್ಲೇ. ಹಣ್ಣು ಒಡೆದು, ಲೋಳೆಯ ಸಮೇತ ಹಸಿಬೀಜವನ್ನು ರಾಶಿಹಾಕಿ, ಐದಾರು ದಿನ ಹುಳಿಬರಿಸಬೇಕು. ರಾಶಿಯ ಒಳಗು 45 ಡಿಗ್ರಿ ದಾಟುವಷ್ಟು ಬಿಸಿಯಾಗುತ್ತದೆ, ನಡುವೆ ಮಗುಚಿಹಾಕಬೇಕು. ಸರಿಯಾಗಿ ಹುಳಿಬಂದರೆ ಒಗರು ಇಳಿದು ಚಾಕಲೇಟಿನ ಪರಿಮಳಕ್ಕೆ ಬೀಜದೊಳಗೆ ತಳಹದಿ ಬೀಳುತ್ತದೆ. ಅವಸರ ಮಾಡಿದರೆ ಬೀಜ ನೇರಳೆಯಾಗಿಯೇ ಉಳಿದು ಬಾಯನ್ನು ಹಿಂಡುತ್ತದೆ. ಅಂಥ ಬೀಜದ ಚಾಕಲೇಟಿಗೆ ಧಾರಾಳವಾಗಿ ಪುದೀನದೆಣ್ಣೆ ಸುರಿದರೆ ದೋಷ ಅಡಗಿಹೋಗುತ್ತದೆ, ಚೆಂಡೆಯ ಅಬ್ಬರದಲ್ಲಿ ಭಾಗವತರ ಅಪಸ್ವರ ಅಡಗುವಂತೆ. ನಾವು ತಂಪಿಗೆ ಅಂಕ ಕೊಡುತ್ತ ಹೋದರೆ, ಆರು ದಿನ ಕಾದ ಬೆಳೆಗಾರನಿಗೂ ಎರಡೇ ದಿನದಲ್ಲಿ ಒಣಗಹಾಕಿದವನಿಗೂ ಒಂದೇ ಬೆಲೆ ಕಟ್ಟಿದಂತೆ.

ಇದನ್ನೆಲ್ಲ ಯೋಚಿಸಿ ನನ್ನ ಅಂಕಪಟ್ಟಿಯನ್ನು ಬದಲಿಸಿದೆ. ಹೊಳಪಿಗೂ ಮುರಿಯುವಾಗಿನ ಟಕ್ಕೆಂಬ ಸದ್ದಿಗೂ ಸೇರಿ 4, ಕರಗುವ ಬಗೆಗೆ 4, ಪುದೀನಕ್ಕೆ 4, ಉಳಿದ 8 ಕೊಕ್ಕೋಗೆ. ಮೊದಲ ಚೂರನ್ನು ಮೂಗು ಹಿಡಿದು ತಿನ್ನಬೇಕು. ಪರಿಮಳದ ಹಂಗಿಲ್ಲದೆ ಒಗರೂ ಕಹಿಯೂ ಆಗ ಬೆತ್ತಲಾಗಿ ನಿಲ್ಲುತ್ತವೆ. ಎರಡನೆಯ ಚೂರಿಗೆ ಮೂಗು ಬಿಡಬೇಕು. ನುಂಗಿದ ಮೇಲೆ ಸುಮ್ಮನೆ ಕೂತು, ಪುದೀನ ಹಿಂದೆ ಸರಿದಂತೆ ಕೊಕ್ಕೋ ಮತ್ತೆ ತಲೆಯೆತ್ತುತ್ತದೆಯೇ ನೋಡಬೇಕು. ತಲೆಯೆತ್ತದಿದ್ದರೆ ಅಲ್ಲಿ ಪುದೀನವಲ್ಲದೆ ಬೇರೇನೂ ಇರಲಿಲ್ಲವೆಂದೇ ನನ್ನ ತೀರ್ಪು. ಬಾಯಿ ತೊಳೆಯಲು ತಣ್ಣೀರು ಕೂಡದು. ಅದು ಮೆಂತಾಲಿನ ತಂಪನ್ನು ಇಮ್ಮಡಿಸಿ ಕೊಕ್ಕೋ ಬೆಣ್ಣೆಯನ್ನು ನಾಲಗೆಯ ಮೇಲೆ ಹೆಪ್ಪುಗಟ್ಟಿಸುತ್ತದೆ. ಬೆಚ್ಚನೆಯ ನೀರು, ಉಪ್ಪಿಲ್ಲದ ನಾಲ್ಕು ಅಗುಳು ಅನ್ನ, ಆಮೇಲೆ ಒಂದು ಗಂಟೆಯ ಬಿಡುವು. ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ.

ಈ ಕ್ರಮದಲ್ಲಿ ಸೊಸೆ ಮತ್ತೆ ಪರೀಕ್ಷೆ ನಡೆಸಿದಳು. ತಟ್ಟೆಗಳ ಸರದಿಯನ್ನು ಅವಳೇ ಕಲಸಿದಳು, ಮೂರು ದಿನ ಹಿಡಿಯಿತು. ಒಂದೇ ಬಾರ್ ಎರಡು ಸಲ ಬಂದಾಗ ಈ ಬಾರಿ 12 ಮತ್ತು 13 ಕೊಟ್ಟಿದ್ದೆ. ಅತಿ ಕಡಿಮೆ ಪುದೀನವಿದ್ದ, ಮೊದಲ ಸಲ ಸಪ್ಪೆಯೆಂದು ನಾನು ಮೂಲೆಗೊತ್ತಿದ್ದ ಬಾರ್‌ಗೆ 16 ಬಂತು. ಅದರ ಉಳಿದ ಚೂರುಗಳನ್ನು ಬಿಗಿಮುಚ್ಚಳದ ಗಾಜಿನ ಶೀಶೆಯಲ್ಲಿ ಬೇರೆಯಾಗಿ ಇಟ್ಟಿದ್ದೇವೆ. ಕೊಕ್ಕೋ ಬೆಣ್ಣೆ ನೆರೆಹೊರೆಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಮ್ಮ ಅಡಿಗೆಮನೆಯ ಆ ಕಪಾಟಿನಲ್ಲಿ ಇಂಗಿನ ಡಬ್ಬಿ ಇದೆ.