ಸೋಸಿದ ನೀರು, ನೀಗಿದ ರೋಗ

ಜಲವು ಜೀವಾಧಾರವೆಂಬುದು ಸರ್ವವಿದಿತ. ಅದೇ ಜಲವು ರೋಗಕ್ಕೂ ಆಧಾರವಾಗಬಲ್ಲುದೆಂಬುದಕ್ಕೆ ಉತ್ತರ ಕರ್ನಾಟಕದ ಬಯಲುಸೀಮೆಯ ಹಳೆಯ ಮೆಟ್ಟಿಲುಬಾವಿಗಳೇ ಸಾಕ್ಷಿ. ರಾಯಚೂರು, ಕಲಬುರಗಿ, ವಿಜಯಪುರ ಪ್ರಾಂತಗಳ ಹಳ್ಳಿಗರನ್ನು ತಲೆತಲಾಂತರದಿಂದ ಕಾಡಿದ ನಾರುಹುಣ್ಣು ಹರಡಿದುದು ಇಂತಹ ಬಾವಿಗಳ ನೀರಿನಿಂದ.

ಈ ರೋಗದ ಗತಿ ವಿಚಿತ್ರವಾದುದು. ನಿಂತ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಎಳ್ಳುಕಾಳಿಗಿಂತಲೂ ಚಿಕ್ಕದಾದ ಜೀವಿಯುಂಟು. ನಾರುಹುಳುವಿನ ಮರಿಗಳು ಅದರ ಒಡಲನ್ನು ಸೇರಿ ಸುಮಾರು ಎರಡು ವಾರಗಳಲ್ಲಿ ಬಲಿಯುತ್ತವೆ. ಆ ನೀರನ್ನು ಕುಡಿದವನ ಜಠರದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ. ಮರಿಗಳು ಮಾತ್ರ ಉಳಿದು, ಕರುಳನ್ನು ಭೇದಿಸಿ ದೇಹವನ್ನು ಹೊಗುತ್ತವೆ. ಸುಮಾರು ಒಂದು ವರ್ಷದ ತರುವಾಯ, ಒಂದು ಮೀಟರಿನವರೆಗೂ ಬೆಳೆದ ಹೆಣ್ಣುಹುಳು, ಹೆಚ್ಚಾಗಿ ಕಾಲಿನಲ್ಲಿ, ಬೊಕ್ಕೆಯೆಬ್ಬಿಸಿ ನಾರಿನಂತೆ ಹೊರಬರುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟಾಗಿ ಎಳೆಯಬೇಕು. ದುಡಿಯುವ ರೈತನು ವಾರಗಟ್ಟಲೆ ನೆಲ ಹಿಡಿಯುತ್ತಿದ್ದನು; ಮಕ್ಕಳಿಗೆ ಶಾಲೆ ತಪ್ಪುತ್ತಿತ್ತು. ಉರಿ ತಾಳಲಾರದ ರೋಗಿಯು ಬಾವಿಗಿಳಿದು ಕಾಲನ್ನು ನೀರಿನಲ್ಲಿ ಅದ್ದಿದೊಡನೆ ಹುಳುವು ಅಸಂಖ್ಯ ಮರಿಗಳನ್ನು ಅಲ್ಲಿ ಬಿಡುತ್ತದೆ. ಒಬ್ಬನ ಹುಣ್ಣು ಊರಿನ ಹುಣ್ಣಾಗುತ್ತಿದ್ದುದು ಹೀಗೆ.

ಸೈಕ್ಲಾಪ್ಸಿನ ಈ ಪಾತ್ರವನ್ನು ರಷ್ಯದ ವಿಜ್ಞಾನಿ ಫೆದ್ಚೆಂಕೊ 1870ರ ಸುಮಾರಿನಲ್ಲಿಯೇ ಗುರುತಿಸಿದನು. ಆದರೆ ಈ ರೋಗಕ್ಕೆ ಲಸಿಕೆಯಾಗಲಿ, ಹುಳುವನ್ನು ಕೊಲ್ಲುವ ಔಷಧವಾಗಲಿ ದೊರೆಯಲಿಲ್ಲ. 1984ರಲ್ಲಿ ಭಾರತದಲ್ಲಿ ಸುಮಾರು 40,000 ಮಂದಿ ಇದರಿಂದ ಬಳಲುತ್ತಿದ್ದರು. ಆ ಹೊತ್ತಿಗೆ ಆರಂಭವಾಗಿದ್ದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಸರಳೋಪಾಯಗಳನ್ನೇ ಆಶ್ರಯಿಸಿತು. ಕುಡಿಯುವ ನೀರನ್ನು ಸಣ್ಣ ನೇಯ್ಗೆಯ ಬಟ್ಟೆಯಲ್ಲಿ ಸೋಸುವುದು, ಹುಣ್ಣುಳ್ಳವರನ್ನು ನೀರಿಗಿಳಿಸದಿರುವುದು, ಮೆಟ್ಟಿಲುಬಾವಿಯನ್ನು ಕಟ್ಟೆಯುಳ್ಳ ಸೇದುವ ಬಾವಿಯಾಗಿ ಮಾರ್ಪಡಿಸುವುದು, ಕೈಪಂಪುಗಳನ್ನು ಹಾಕಿಸುವುದು, ಸೈಕ್ಲಾಪ್ಸನ್ನು ಕೊಲ್ಲುವ ಟೆಮೆಫಾಸನ್ನು ಮಿತವಾಗಿ ಬೆರೆಸುವುದು ಇವೇ ಆ ಉಪಾಯಗಳು. ದೇಶದ ಕಡೆಯ ರೋಗಿಯು 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡುಬಂದನು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಆದರೆ ಸೋಸಿದ ಮಾತ್ರಕ್ಕೆ ನೀರು ಸರ್ವಥಾ ಶುದ್ಧವಾಯಿತೆಂದು ತಿಳಿಯಲಾಗದು. ಬಟ್ಟೆಯು ಸೈಕ್ಲಾಪ್ಸನ್ನು ತಡೆಯುತ್ತದೆಯೇ ಹೊರತು ಕಾಲರಾ, ವಿಷಮಶೀತಜ್ವರಗಳ ಅಣುಜೀವಿಗಳನ್ನು ತಡೆಯದು. ಹೊಲಗದ್ದೆ, ಕಾಡುಮೇಡು, ದೂರದ ಜಾತ್ರೆಗಳಿಗೆ ಹೋದವರು ಹಳ್ಳದ ತಿಳಿನೀರನ್ನು ಕಂಡು ಮೋಸಹೋಗಬಾರದು. ಅಂತಹ ನೀರನ್ನು ಮೊದಲು ಸೋಸಿ, ಅನಂತರ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಬೇಕು. ಅನುಕೂಲವಿಲ್ಲದೆಡೆ ತಕ್ಕ ಪ್ರಮಾಣದ ಕ್ಲೋರಿನ್ ಬೆರೆಸಿ ಅರ್ಧ ಗಂಟೆ ಬಿಡಬೇಕು. ಶುದ್ಧೀಕರಿಸಿದ ನೀರನ್ನು ಮುಚ್ಚಿಟ್ಟು, ಕೈಯದ್ದದೆ ಉದ್ದ ಹಿಡಿಯ ಸೌಟಿನಿಂದ ತೆಗೆಯಬೇಕು.

ನಾರುಹುಣ್ಣನ್ನು ನೀಗಿದುದರಲ್ಲಿ ವೈದ್ಯರಷ್ಟೇ ಪಾಲು, ಪ್ರತಿದಿನವೂ ಕೊಡದ ಬಾಯಿಗೆ ಬಟ್ಟೆ ಕಟ್ಟಿದ ಹಳ್ಳಿಯ ತಾಯಂದಿರದು. ಆ ಜಾಗರೂಕತೆಯನ್ನು ಮಕ್ಕಳಲ್ಲಿ ಬೆಳೆಸುವುದು ಶಾಲೆಯ ಹೊಣೆ. ಶಾಲೆಯ ನೀರಿನ ತೊಟ್ಟಿಯೇ ಅದಕ್ಕೆ ಮೊದಲ ಪಾಠವಾಗಲಿ.