ನಿಮಗಿದು ಗೊತ್ತೇ? ಜಾಲದಲ್ಲಿ ಇಟ್ಟವರು, ಜಾಲದಿಂದ ಪಡೆದವರು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೇ ಹೋಗಿ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರ ಕೈಯಲ್ಲೆಲ್ಲ ಮೊಬೈಲ್. ಎಲ್ಲರೂ ನೋಡುತ್ತಾರೆ, ನೋಡಿದ್ದನ್ನು ಮುಂದಕ್ಕೆ ಕಳಿಸುತ್ತಾರೆ. ಆದರೆ ಕಲಿಕೆ, ದುಡಿಮೆ, ಹೊಸ ಹುಡುಕಾಟಗಳ ದಿಕ್ಕು ಬದಲಿಸಿದವರು ತಮಗೆ ಗೊತ್ತಿದ್ದದ್ದನ್ನು ಎಲ್ಲರಿಗೂ ಸಿಗುವಂತೆ ಜಾಲದಲ್ಲಿ ಇಟ್ಟವರು. ಅವರಿಗೆ ಸಂಬಂಧಿಸಿದ ಕೆಲವು ಸಂಗತಿಗಳು ಇಲ್ಲಿವೆ.

ಕಲಿಕೆ

● ವರ್ಲ್ಡ್ ವೈಡ್ ವೆಬ್ ಬಳಸಲು ಯಾರಿಗೂ ಪರವಾನಗಿ ಶುಲ್ಕ ಕಟ್ಟಬೇಕಿಲ್ಲ. ಟಿಮ್ ಬರ್ನರ್ಸ್-ಲೀ ಇದರ ಯೋಜನೆಯನ್ನು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ 1989ರಲ್ಲಿ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಾಂಶವನ್ನು ಇಡೀ ಜಗತ್ತಿಗೆ ಬಿಟ್ಟುಕೊಟ್ಟಿತು. ಮುಂದೆ ಬಂದ ಜಾಲತಾಣಗಳೆಲ್ಲ ನಿಂತಿರುವುದು ಈ ಕೊಡುಗೆಯ ಮೇಲೆ.

● ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಬಹುಕಾಲ ನಡೆದದ್ದು ಬೇರೆ ಫಾಂಟುಗಳ ಕಾರುಬಾರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಅದರೊಳಗಿನ ಒಂದು ಹೆಸರನ್ನು ಜಾಲದಲ್ಲಿ ಹುಡುಕಿ ತೆಗೆಯುವುದೂ ಆಗುತ್ತಿರಲಿಲ್ಲ. ಯೂನಿಕೋಡ್ ರೂಢಿಗೆ ಬಂದ ಮೇಲೆ ಕುಷ್ಟಗಿಯಲ್ಲಿ ಟೈಪಿಸಿದ್ದನ್ನು ಕ್ಯಾಲಿಫೋರ್ನಿಯದಲ್ಲಿ ಓದಬಹುದು, ಹುಡುಕಲೂಬಹುದು. ಇಂದು ಸಾವಿರಾರು ಜನ ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು.

● ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಈಗ ಅದರ ಲೇಖನಗಳ ಸಂಖ್ಯೆ 30 ಸಾವಿರ ದಾಟಿದೆ. ಬರೆದವರಿಗೆ ಸಂಬಳವಿಲ್ಲ. ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ವಿಭಾಗವಿದೆ. ಯಾರು, ಯಾವಾಗ, ಯಾವ ಸಾಲು ತಿದ್ದಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಒಂದು ತಿಳಿವಳಿಕೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

● ತುಳು ವಿಕಿಪೀಡಿಯ ಹಲವು ವರ್ಷ ಪ್ರಯೋಗದ ಅಂಗಳದಲ್ಲೇ ಬೆಳೆದು, 2016ರ ಆಗಸ್ಟ್‌ನಲ್ಲಿ ಸ್ವತಂತ್ರ ತಾಣವಾಯಿತು.

● ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾ ತರಗತಿಯ ವಿದ್ಯಾರ್ಥಿಗಳು ಪಾಠದ ಭಾಗವಾಗಿಯೇ ಕನ್ನಡ ವಿಕಿಪೀಡಿಯಕ್ಕೆ ಬರೆದಿದ್ದಾರೆ. ಅಂಕಕ್ಕಾಗಿ ಬರೆದ ಹಾಳೆಯನ್ನು ಒಬ್ಬ ಮೇಷ್ಟ್ರು ಓದಿ ಬದಿಗಿಡುತ್ತಾರೆ. ಜಾಲಕ್ಕೆ ಬರೆದದ್ದನ್ನು ಗುರುತಿಲ್ಲದ ನೂರಾರು ಮಂದಿ ಓದುತ್ತಾರೆ, ತಪ್ಪಿದ್ದರೆ ತಿದ್ದುತ್ತಾರೆ. ಯಲಬುರ್ಗಾ, ಕುಕನೂರಿನ ಕಾಲೇಜುಗಳೂ, ತಳಕಲ್‌ನ ಕೊಪ್ಪಳ ವಿಶ್ವವಿದ್ಯಾಲಯವೂ ಇದನ್ನು ನಾಳೆಯೇ ಆರಂಭಿಸಬಹುದು. ಬೇಕಾದದ್ದು ಒಂದು ಕಂಪ್ಯೂಟರ್ ಕೊಠಡಿ, ಮನಸ್ಸುಳ್ಳ ಒಬ್ಬ ಅಧ್ಯಾಪಕರು.

● ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ 6 ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದೇ ವರ್ಷ ಕಾದಂಬರಿಕಾರ ನಿರಂಜನರ ಕೃತಿಗಳನ್ನೂ ಅವರ ಕುಟುಂಬದವರು ಹೀಗೆಯೇ ಮುಕ್ತಗೊಳಿಸಿದರು. ಮೂಲ ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಇವನ್ನು ಬಳಸಬಹುದು, ಹಂಚಬಹುದು.

● ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಶಬ್ದಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ್ದು ಇದು. 2019ರಲ್ಲಿ ಕೈಲಾಶ್ ನಾಧ್ ಅದನ್ನು ಜಾಲಕ್ಕೆ ತಂದರು. ಹುಡುಕಲು ದುಡ್ಡು ಕೊಡಬೇಕಿಲ್ಲ. ಇಡೀ ನಿಘಂಟಿನ ದತ್ತಾಂಶವನ್ನೇ ಇಳಿಸಿಕೊಂಡು ಹೊಸ ಆ್ಯಪ್ ಕಟ್ಟಲೂಬಹುದು. ‘ವಚನ ಸಂಚಯ’ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಸಾಕು, ಅದು ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತದೆ. ಹಿಂದೆ ಸಂಶೋಧಕರು ತಿಂಗಳುಗಟ್ಟಲೆ ಕಾರ್ಡು ಬರೆದು ಮಾಡುತ್ತಿದ್ದ ಕೆಲಸವಿದು.

● ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರು 2011ರಿಂದ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ಜಾಲದಲ್ಲಿ ಒಬ್ಬರನ್ನೊಬ್ಬರು ಕೇಳಿ ಕಲಿಯತೊಡಗಿದರು. ಅದರ ಮುಂದಿನ ಹೆಜ್ಜೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವೇ ಇದಕ್ಕೂ ಅಡಿಪಾಯ. ಹಳ್ಳಿ ಶಾಲೆಯ ಶಿಕ್ಷಕಿ ತ್ರಿಭುಜದ ಪಾಠಕ್ಕೆ ತಾವೇ ರೂಪಿಸಿದ ಚಟುವಟಿಕೆಯನ್ನು ಇಲ್ಲಿ ಸೇರಿಸಿದರೆ ಬೀದರಿನಿಂದ ಚಾಮರಾಜನಗರದವರೆಗೆ ಯಾವ ತರಗತಿಯಲ್ಲಾದರೂ ಅದು ಬಳಕೆಯಾಗಬಹುದು.

● ಪಠ್ಯಪುಸ್ತಕದ ಪುಟದ ಮೇಲಿನ ಚೌಕಾಕಾರದ ಕ್ಯೂಆರ್ ಕೋಡ್ ನಿಮ್ಮನ್ನು ‘ದೀಕ್ಷಾ’ ತಾಣಕ್ಕೆ ಒಯ್ಯುತ್ತದೆ. 2017ರ ಶಿಕ್ಷಕರ ದಿನದಂದು ಉದ್ಘಾಟನೆಯಾದ ದೀಕ್ಷಾ ನಿಂತಿರುವುದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ರೂಪಿಸಿದ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶದ ಮೇಲೆ.

● 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ‘ವಿದ್ಯಾಗಮ’ ಯೋಜನೆಯಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು: ಫೋನೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಫೋನ್ ಇದ್ದವರು, ಇಂಟರ್‌ನೆಟ್ ಇರುವ ಫೋನ್ ಇದ್ದವರು. ಮೇಷ್ಟ್ರುಗಳು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿಗೆ ಹೋಗಿ ಪಾಠ ಹೇಳಿದರು. ಜಾಲ ಎಷ್ಟೇ ಬೆಳೆಯಲಿ, ಮೊದಲ ಗುಂಪಿನ ಮಗುವನ್ನು ಮರೆತ ಶಿಕ್ಷಣ ಶಿಕ್ಷಣವಲ್ಲ.

● ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಇಲ್ಲಿ ಸದಸ್ಯತ್ವ ಉಚಿತ. ಅನೇಕ ಕಡೆ ಕಂಪ್ಯೂಟರೂ ಬಂದಿದೆ. ಮನೆಯಲ್ಲಿ ಫೋನಿಲ್ಲದ ಮಗುವಿಗೆ ಜಾಲದ ಬಾಗಿಲು ಇದೇ.

ಕೆಲಸ

● ‘ಮನೆಯಿಂದಲೇ ಕೆಲಸ’ಕ್ಕೆ ಬಹಳ ಮೊದಲೇ ‘ದೂರದಿಂದಲೇ ಕೆಲಸ’ ಬೆಂಗಳೂರಿಗೆ ಬಂದಿತ್ತು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿ ನೆಲೆಯೂರಿ, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ವಿನ್ಯಾಸಗಳನ್ನು ಅಮೆರಿಕಕ್ಕೆ ಕಳಿಸತೊಡಗಿತು. ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು ಅದಾಗಿ 10 ವರ್ಷಕ್ಕೆ, 1995ರ ಆಗಸ್ಟ್ 15ರಂದು.

● ಗಂಗಾವತಿ, ಕಾರಟಗಿಯ ಭತ್ತದ ರೈತರಿಗೆ ಎಪಿಎಂಸಿ ಹೊಸತಲ್ಲ. ಹೊಸತಾದದ್ದು ಸವಾಲಿನ ರೀತಿ. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ತಂದಿತು. ಮಾಲು ಗೇಟಿನೊಳಗೆ ಬಂದಾಗಲೇ ಲಾಟ್ ನಂಬರ್ ಬೀಳುತ್ತದೆ. ವರ್ತಕರು ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣದು. ಅತಿ ಹೆಚ್ಚಿನ ದರ ರೈತನ ಮೊಬೈಲಿಗೆ ಸಂದೇಶವಾಗಿ ಬರುತ್ತದೆ. ಒಪ್ಪಿಗೆಯಾಗದಿದ್ದರೆ ಮಾಲು ಕೊಡದಿರುವ ಹಕ್ಕು ರೈತನದೇ. 2016ರ ಏಪ್ರಿಲ್ 14ರಂದು ಶುರುವಾದ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲ ಇ-ನಾಮ್‌ಗೆ ಮಾದರಿಯಾದದ್ದು ಕರ್ನಾಟಕದ ಈ ಪ್ರಯೋಗ.

● ಮಾತಾಡುವುದೇ ಕೂಲಿಯ ಕೆಲಸವಾಗಬಲ್ಲದು. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಳ್ಳಿಯ ಜನರಿಂದ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ, ಧ್ವನಿಮುದ್ರಿಸಿ ಹಣ ಕೊಡುತ್ತದೆ. ಕಂಪ್ಯೂಟರಿಗೆ ಕನ್ನಡದ ಮಾತು ಕಲಿಸಲು ಈ ಧ್ವನಿಗಳೇ ಬೇಕು. ಕ್ಷಯರೋಗದ ಕುರಿತ ವಾಕ್ಯಗಳನ್ನೂ ಹೀಗೆ ಓದಿಸಲಾಗಿದೆ. ನಮ್ಮ ಕಡೆಯ ‘ಹೌದ್ರಿ’, ‘ಏನ್ಮಾಡಾಕತ್ತೀರಿ’ ಯಂತ್ರಕ್ಕೆ ತಿಳಿಯಬೇಕಾದರೆ ಆ ಮಾತನ್ನು ಕೊಡಬೇಕಾದವರು ನಾವೇ.

● ಬೆಂಗಳೂರಿನಲ್ಲಿ 2022ರ ನವೆಂಬರ್‌ನಲ್ಲಿ ಬಂದ ‘ನಮ್ಮ ಯಾತ್ರಿ’ ಆ್ಯಪ್ ಆಟೊ ಚಾಲಕರಿಂದ ಪ್ರತಿ ಬಾಡಿಗೆಗೆ ಕಮಿಷನ್ ಕತ್ತರಿಸುವುದಿಲ್ಲ. ಚಾಲಕರ ಸಂಘಟನೆ ಜತೆಗೂಡಿ ರೂಪುಗೊಂಡ ಇದರಲ್ಲಿ ದಿನಕ್ಕೆ 25 ರೂಪಾಯಿಯ ನಿಗದಿತ ಶುಲ್ಕ ಗೊತ್ತುಮಾಡಲಾಯಿತು. ಆ್ಯಪ್‌ನ ಮೂಲ ಸಂಕೇತವೂ ಮುಕ್ತ.

● ಊಟ, ಪಾರ್ಸೆಲ್ ತಲುಪಿಸುವ, ಆ್ಯಪ್ ಹೇಳಿದತ್ತ ಗಾಡಿ ಓಡಿಸುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯೇ ಕಟ್ಟಬೇಕು. ಬೆಂಗಳೂರಿನ ರಸ್ತೆಗಳಲ್ಲಿ ಬೈಕ್ ಓಡಿಸುವ ನಮ್ಮ ಭಾಗದ ಹುಡುಗರು ಇದನ್ನು ತಿಳಿದಿರಬೇಕು, ನೋಂದಣಿ ಮಾಡಿಸಿಕೊಳ್ಳಬೇಕು.

● ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರ ಮನೆತನಗಳ ಗೊಂಬೆಗಳಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಹಗುರ ಮರ, ಹುಣಸೆಬೀಜದ ಅಂಟು, ಮರದ ಹೊಟ್ಟು, ಮೇಲೆ ಬಣ್ಣ. ಇದನ್ನು ಮಾಡುವ ಕೈಗಳ ವಿಡಿಯೊ ಕಂಡವರು ನೇರವಾಗಿ ಊರಿಗೇ ಫೋನ್ ಮಾಡಿ ಗೊಂಬೆ ತರಿಸಬಹುದಾದ ಕಾಲವಿದು. ಜಿಐ ಗುರುತು ಹೆಸರನ್ನು ಕಾಯುತ್ತದೆ. ಮಾಡುವ ಬಗೆಯನ್ನು ಮುಂದಿನ ಪೀಳಿಗೆಗೆ ಉಳಿಸುವುದು ದಾಖಲೆ.

ಹೊಸ ಹುಡುಕಾಟ

● ಕೃಷಿಕರೇ ಕೃಷಿಕರಿಗಾಗಿ ಬರೆಯುವ ಪದ್ಧತಿ ನಮ್ಮಲ್ಲಿ ಇಂಟರ್‌ನೆಟ್‌ಗಿಂತ ಹಳೆಯದು. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಲ್ಲಿ ಶುರುವಾಯಿತು. ಅದರ ಸಂಪಾದಕ ಶ್ರೀ ಪಡ್ರೆ ರೈತರ ಕೈಗೇ ಲೇಖನಿ ಕೊಟ್ಟರು. ಕಂಪನಿಯ ಜಾಹೀರಾತಿಗಿಂತ ಪಕ್ಕದ ತೋಟದವರ ಅನುಭವವನ್ನು ರೈತ ಹೆಚ್ಚು ನಂಬುತ್ತಾನೆ ಎಂಬುದು ಅದರ ತಳಹದಿ.

● ಅದೇ ನಂಬಿಕೆ 2021ರಲ್ಲಿ ವಾಟ್ಸ್ಆ್ಯಪ್‌ಗೆ ಬಂದಾಗ ಹುಟ್ಟಿದ್ದು ‘ಬಾಕಾಹು’: ಬಾಳೆಕಾಯಿ ಹುಡಿ. ಲಾಕ್‌ಡೌನ್‌ನಲ್ಲಿ ಬಾಳೆಗೆ ಬೆಲೆಯಿಲ್ಲ. ಕೇರಳದಲ್ಲಿ ಬಾಳೆಕಾಯಿ ಪುಡಿಯ ಬಳಕೆ ಹಳೆಯದು, ನಮ್ಮಲ್ಲಿ ಅಪರೂಪ. ‘ಎನಿ ಟೈಮ್ ವೆಜಿಟೇಬಲ್’ ಎಂಬ ವಾಟ್ಸ್ಆ್ಯಪ್ ಬಳಗದಲ್ಲಿ ಈ ಮಾತು ಎತ್ತಿದ್ದೇ ತಡ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಗೃಹಿಣಿಯರು ಕೈಹಚ್ಚಿದರು. ಬಲಿತ ಕಾಯಿಯ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಕಪ್ಪಾಗದಂತೆ ಉಪ್ಪುನೀರಿನಲ್ಲಿ ಅದ್ದಿ, ಗರಿಗರಿಯಾಗುವ ತನಕ ಒಣಗಿಸಿ ಪುಡಿ ಮಾಡುವುದು. ಒಬ್ಬರು ರೊಟ್ಟಿ ಮಾಡಿ ಫೋಟೊ ಹಾಕಿದರೆ ಮತ್ತೊಬ್ಬರು ದೋಸೆ, ಮಗದೊಬ್ಬರು ಗುಲಾಬ್ ಜಾಮೂನು. ಕೆಟ್ಟದ್ದನ್ನೂ ಹೇಳಿಕೊಂಡರು, ಹಾಗಾಗಿ ಅದೇ ತಪ್ಪನ್ನು ಇನ್ನೊಬ್ಬರು ಮಾಡಬೇಕಾಗಲಿಲ್ಲ. 2021ರ ಜುಲೈನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಇದನ್ನು ಪ್ರಸ್ತಾಪಿಸಿದರು. ಪ್ರಯೋಗಾಲಯವೂ ಬಂಡವಾಳವೂ ಇಲ್ಲದೆ ನಡೆದ ಸಂಶೋಧನೆ ಇದು. ಆನೆಗೊಂದಿ, ಗಂಗಾವತಿ ಭಾಗದ ಬಾಳೆ ಬೆಳೆಗಾರರಿಗೆ ಇಲ್ಲಿ ನೇರ ಪಾಠವಿದೆ.

● ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಜಾಲದ ಚರ್ಚಾಕೂಟವೊಂದರಲ್ಲಿ ತಾನು ಹವ್ಯಾಸಕ್ಕಾಗಿ ಇದನ್ನು ಮಾಡುತ್ತಿದ್ದೇನೆಂದು ತಿಳಿಸಿ, ಜನರಿಗೆ ಏನೇನು ಬೇಕು ಎಂದು ಕೇಳಿದ್ದ. ಆಮೇಲೆ ಸಾವಿರಾರು ಜನ ಕೈಜೋಡಿಸಿದರು.

● ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ 1112ರದ್ದು, ‘ದೇವಾಲಯ ಚಕ್ರವರ್ತಿ’ ಎಂಬ ಬಿರುದು ಪಡೆದದ್ದು. ಇದರ ಫೋಟೊಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತವಾಗಿ ಸಿಗುತ್ತವೆ. ತೆಗೆದವರ ಹೆಸರು ಹೇಳಿ ಪುಸ್ತಕದಲ್ಲಿ, ಪಾಠದಲ್ಲಿ ಯಾರು ಬೇಕಾದರೂ ಬಳಸಬಹುದು. ಕಾಮನ್ಸ್‌ಗಾಗಿ ಸ್ಮಾರಕಗಳ ಚಿತ್ರ ಸೇರಿಸುವ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ 2011ರಲ್ಲೇ ಅತಿ ದೊಡ್ಡ ಛಾಯಾಚಿತ್ರ ಸ್ಪರ್ಧೆಯೆಂದು ಗಿನ್ನೆಸ್ ದಾಖಲೆ ಸೇರಿತು.

● ಕುಕನೂರು ತಾಲ್ಲೂಕಿನಲ್ಲೂ ಒಂದು ಮಂಗಳೂರು ಇದೆ, ಮೊದಲು ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು. ಆ ಹೆಸರು ಹಾಕಿ ಹುಡುಕಿದರೆ ಎದುರಾಗುವುದು ಕಡಲ ತಡಿಯ ನಗರ. ಜಾಲಕ್ಕೆ ತಿಳಿದಿರುವುದು ಯಾರಾದರೂ ತಿಳಿಸಿದ್ದಷ್ಟೇ. 2004ರಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ನಕ್ಷೆಗೆ ಊರಿನವರೇ ಓಣಿ, ಕೆರೆ, ಶಾಲೆ, ಆರೋಗ್ಯ ಕೇಂದ್ರಗಳನ್ನು ಸೇರಿಸಬಹುದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಜಗತ್ತಿನ ಬೇರೆ ಬೇರೆ ಮೂಲೆಯ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಅಲ್ಲಿನ ಬೀದಿಗಳನ್ನು ಇದೇ ನಕ್ಷೆಯಲ್ಲಿ ಗುರುತಿಸಿದರು. ಪರಿಹಾರ ತಂಡಗಳು ಅದನ್ನು ಹಿಡಿದು ಓಡಾಡಿದವು.

ಎಚ್ಚರ

● ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆ ದಾಟಿಸಲು ಬಿಡದ ಮಿತಿ ಮೊದಲು ಬಂದದ್ದು ಭಾರತದಲ್ಲೇ, 2018ರ ಜುಲೈನಲ್ಲಿ. ಮಕ್ಕಳ ಕಳ್ಳರ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರೊಬ್ಬರು ಬಲಿಯಾದ ತಿಂಗಳೂ ಅದೇ. ಕಣ್ಣಾರೆ ಕಾಣದ್ದನ್ನು ಮುಂದೆ ಕಳಿಸುವ ಬೆರಳು ಕೊಲ್ಲಲೂಬಲ್ಲದು.

● ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ ‘ಕೂ’ ಸಾಮಾಜಿಕ ಜಾಲತಾಣ 2024ರ ಜುಲೈನಲ್ಲಿ ಮುಚ್ಚಿತು. 2014ರಲ್ಲಿ ಆರ್ಕುಟ್ ಕೂಡ ಹೀಗೆಯೇ ಹೋಗಿತ್ತು. ಕಂಪನಿಯ ಗೋಡೆಯ ಮೇಲೆ ಬರೆದದ್ದು ಕಂಪನಿ ಇರುವವರೆಗೆ ಮಾತ್ರ. ಮುಕ್ತ ಪರವಾನಗಿಯಲ್ಲಿ ಇಟ್ಟದ್ದನ್ನು ಯಾರು ಬೇಕಾದರೂ ನಕಲು ಮಾಡಿ ಉಳಿಸಿಕೊಳ್ಳಬಹುದು. ಆದ್ದರಿಂದ ನಿಮ್ಮೂರಿನ ಶಾಸನ, ಕೆರೆ, ಬಿತ್ತನೆಯ ಬೀಜ, ಅಜ್ಜಿಯ ಅಡುಗೆ ಏನನ್ನೇ ದಾಖಲಿಸಿದರೂ ಅದರ ಒಂದು ಪ್ರತಿ ವಿಕಿಪೀಡಿಯ, ಕಾಮನ್ಸ್, ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಎಲ್ಲರ ಜಾಗದಲ್ಲಿ ಇರಲಿ. ಈ ವಾರವೇ ಒಂದನ್ನು ಆರಿಸಿಕೊಳ್ಳಿ. ಖಾತೆ ತೆರೆಯಲು ದುಡ್ಡು ಬೇಡ, ಪದವಿ ಬೇಡ, ಕನ್ನಡ ಬಂದರೆ ಸಾಕು.